ತಂಗಿ ಕೊಟ್ಟ ಚೂರು

ಗಾಜಿನ ಬಳೆಗಳು ಒಂದಕ್ಕೊಂದು ತಾಗುವ ಸದ್ದು. ಹೋದ ವರ್ಷ ಬನಹಟ್ಟಿಯ ಮನೆಯಲ್ಲಿ ನನ್ನ ತಂಗಿ ಇಡೀ ಮಧ್ಯಾಹ್ನ ಮೈ ತುರಿಸಿಕೊಳ್ಳುತ್ತಿದ್ದಳು. ಹೊರಗೆ ಮಗ್ಗಗಳ ಗದ್ದಲವಿದ್ದರೂ ನನಗೆ ಅದೊಂದೇ ಕೇಳುತ್ತಿತ್ತು. ಕಣ್ಣು ಹಳದಿಯಾಗಿದ್ದವು. ಎಲ್ಲರೂ ಕಾಮಣಿ ಎಂದರು. ಬೀಳಗಿ ಕಡೆಯ ಬೇರಿನ ಔಷಧ, ಎಣ್ಣೆ ಉಪ್ಪಿಲ್ಲದ ಅನ್ನ. ನೋವೇ ಇರಲಿಲ್ಲವಲ್ಲ, ಯಾರೂ ಹೆದರಲಿಲ್ಲ. ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಪ್ಯಾಂಕ್ರಿಯಾಸಿನ ಕ್ಯಾನ್ಸರ್ ರಕ್ತದ ದಾರಿ ಹಿಡಿದು ಲಿವರಿಗೆ ಹೋಗಿ ಕೂತಿತ್ತು.

ಆಪರೇಷನ್‌ನಿಂದ ಉಪಯೋಗವಿಲ್ಲ ಎಂದ ಡಾಕ್ಟರು ಇನ್ನೊಂದು ಮಾತು ಕೇಳಿದರು. ಬಯಾಪ್ಸಿಗೆ ಹೇಗೂ ಲಿವರಿನ ಚೂರು ತೆಗೆಯಬೇಕು; ಇನ್ನೊಂದು ಎಳೆಯಷ್ಟು ರಿಸರ್ಚಿಗೆ ಕೊಡುತ್ತೀರಾ? ಲ್ಯಾಬಿನ ತಟ್ಟೆಯಲ್ಲಿ ಆ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿ, ಹುಟ್ಟಿದ ಜಾಗ ಬಿಟ್ಟು ಬಂದವು ಲಿವರಿನಲ್ಲಿ ಹೇಗೆ ಬೇರೂರುತ್ತವೆ, ಯಾವ ಔಷಧಕ್ಕೆ ಬಗ್ಗುತ್ತವೆ ಎಂದು ನೋಡುತ್ತಾರಂತೆ. ಇದರಿಂದ ಪೇಶಂಟಿಗೇನೂ ಲಾಭವಿಲ್ಲ ಎಂಬುದನ್ನೂ ಹೇಳಿದರು. ವೆರಿ ಆನೆಸ್ಟ್ ಅನಿಸಿತು ನನಗೆ.

ತಂಗಿಯ ಗಂಡ ಒಪ್ಪಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ.

"ಮೈ ಪೂರ್ತಿ ಮಣ್ಣಿಗೆ ಹೋಗಬೇಕರಿ ಅಕ್ಕಾರ. ಒಂದು ಚೂರು ಯಾರದೋ ಫ್ರಿಜ್ಜಿನ್ಯಾಗ ಇಟ್ಟು ಇಕಿನ್ನ ಹ್ಯಾಂಗ ಕಳಸ್ಲಿ?"

ವಾರ್ಡಿನ ಮಂಚದಿಂದ ತಂಗಿಯೇ ಅಂದಳು: "ನನ್ನ ಗರ್ಭಚೀಲ ತಗಸಿದ್ರಲ್ಲಾ, ಅದನ್ನೇನು ಟ್ರಂಕಿನ್ಯಾಗ ಇಟ್ಟೀರೇನು?"

ಅವಳು ಗಂಡನ ಕಡೆ ಹೊರಳಿದಳು.

"ಆವಾಗ ನನ್ನ ಯಾರೂ ಕೇಳ್ಲಿಲ್ಲ. ಈಗ ಡಾಕ್ಟರು ಕೇಳ್ಯಾರ. ನಾ ಹೂಂ ಅಂತೇನಿ."

ಮರುದಿನ ಸೂಜಿ ಚುಚ್ಚಿ ತೆಗೆದರು.

ಕೆಲವು ವಾರಗಳ ಮೇಲೆ ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ಹಾಗಾಗುವುದೂ ಉಂಟಂತೆ. ನಾನಿರುವ ಜಮಖಂಡಿಯಿಂದ ಬಸ್ ಹತ್ತಿ ಬನಹಟ್ಟಿಗೆ ಹೋದೆ. ತಂಗಿ ಗೋಡೆಗೆ ಒರಗಿದ್ದಳು. ನೀರು ತುಂಬಿ ಹೊಟ್ಟೆ ಬಿಗಿದಿತ್ತು, ಕೈಕಾಲು ಕಡ್ಡಿ.

"ಅಕ್ಕಾ, ಬೆಳದ್ವೇನು?"

ಸುಳ್ಳು ಹೇಳಬಹುದಿತ್ತು. "ಇಲ್ಲ ಬೇ. ಸತ್ತು ಹೋದುವಂತ."

"ನನ್ನ ಹೊಟ್ಟ್ಯಾಗ ಸೊಕ್ಕಿ ಬೆಳದಾವು. ಅಲ್ಲಿ ಏನ ಬ್ಯಾನಿ ಬಂದಿತ್ತು ಅವಕ್ಕ?" ಸ್ವಲ್ಪ ನಕ್ಕಳು. ಉಸಿರು ಸಾಲದೆ ನಗು ನಿಂತಿತು. "ಮತ್ತೊಂದು ಚೂರು ತಗೋರಿ ಅಂತ ಹೇಳು."

ಹೂಂ ಅಂದೆ. ಇನ್ನೊಂದು ಸೂಜಿಯನ್ನು ತಡೆಯುವ ಮೈ ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಈ ಸಲ ಬೇಡ ಎನ್ನಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಅವಳು ಹೊದ್ದಿದ್ದ ಕೌದಿ ಸರಿಸಿ, ಬಲಪಕ್ಕೆಯ ಕೆಳಗೆ ಬೆರಳಿಟ್ಟು ತೋರಿಸಿದಳು.

"ಇಲ್ಲೇ ಐತಿ ಅನ್ನು."

ಅವಳನ್ನು ನಾನು ನೋಡಿದ್ದು ಅದೇ ಕೊನೆ.