ನಾನು ಬಿಟ್ಟ ತುಪ್ಪ

ನನ್ನ ಎದೆನೋವಿಗೆ ಮೊದಲ ಎರಡು ದಿನ ಇದ್ದ ಹೆಸರು ಗ್ಯಾಸ್. ಚನ್ನಗಿರಿಯ ಗಂಡಸರಿಗೆ ಹೃದಯ ಎಂಬುದು ಇರುವುದಿಲ್ಲ, ಗ್ಯಾಸ್ ಮಾತ್ರ ಇರುತ್ತದೆ. ನನ್ನ ಗೊಬ್ಬರದ ಅಂಗಡಿಗೆ ಬಂದ ಉಬ್ರಾಣಿಯ ಗಿರಾಕಿಯೊಬ್ಬ ಸೋಡಾ ಕುಡಿಯಿರಿ ಎಂದ, ಕುಡಿದೆ. ನಲ್ಲೂರಿನವನು ಓಂಕಾಳು ಅಗಿಯಿರಿ ಎಂದ, ಅಗಿದೆ. ಮೂರನೆಯ ದಿನ ಯೂರಿಯಾ ಚೀಲಕ್ಕೆ ಒರಗಿ ಕುಸಿದಾಗ ನನ್ನ ಹೆಂಡತಿ ಯಾರ ಮಾತನ್ನೂ ಕೇಳದೆ ಕಾರು ಕರೆಸಿ ದಾವಣಗೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಸ್ಟೆಂಟ್ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ನನ್ನ ಕಥೆ ಮುಗಿದಿತ್ತಂತೆ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ನಮ್ಮ ಮಗಳ ವಯಸ್ಸಿನವರು.

"ಮಾತ್ರೆ ತಪ್ಪಿಸಬೇಡಿ. ಅದರ ಜೊತೆಗೆ ಊಟ ಬದಲಾಗಬೇಕು. ಗಿಡದಿಂದ ಬಂದಿದ್ದನ್ನ ಆದಷ್ಟು ಇಡಿಯಾಗಿ ತಿನ್ನಿ. ಸಿಪ್ಪೆ ಸಮೇತ ಕಾಳು, ಸೊಪ್ಪು, ತರಕಾರಿ, ಹಣ್ಣು, ಪಾಲಿಶ್ ಮಾಡದ ಧಾನ್ಯ. ಎಣ್ಣೆ, ತುಪ್ಪ ಕಡಿಮೆ ಮಾಡಿ."

ನನಗೆ ನಗು ಬಂತು. "ಮೇಡಂ, ನಾವು ಏಳು ತಲೆಮಾರಿನಿಂದ ಗಿಡದ್ದೇ ತಿನ್ನೋರು. ಮನ್ಯಾಗೆ ಒಂದು ಮೊಟ್ಟೆ ಸೈತ ಒಡೆದಿಲ್ಲ."

"ಸಂಜೆ ಹೊತ್ತು ಏನ್ ತಿಂತೀರಿ?"

"ಮಂಡಕ್ಕಿ, ಮಿರ್ಚಿ. ಅದೂ ಗಿಡದ್ದೇ ಅಲ್ಲೇನ್ರಿ? ಮೆಣಸಿನಕಾಯಿ ಇಡಿಯಾಗೇ ಇರ್ತೈತೆ, ತೊಟ್ಟು ಸಮೇತ."

ಡಾಕ್ಟರಮ್ಮ ನನ್ನ ಮೇಲಿನ ಆಸೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಇವರನ್ನ ಉಳಿಸಿಕೊಳ್ಳೋದು ಇನ್ನು ನಿಮ್ಮ ಅಡುಗೆಮನೇಲಿದೆ." ಇವಳು ದೀಕ್ಷೆ ತೆಗೆದುಕೊಂಡವಳಂತೆ ತಲೆಯಾಡಿಸಿದಳು.

ನನ್ನ ಹೆಂಡತಿಯ ತವರು ಜಗಳೂರು. ನವಣೆ, ಸಾಮೆ ಬೆಳೆಯುವ ಸೀಮೆ. ಮದುವೆಯಾದ ಹೊಸದರಲ್ಲಿ ತವರಿನಿಂದ ತಂದ ನವಣೆಯ ಅನ್ನ ಮಾಡಿ ಬಡಿಸಿದ್ದಳು. ನಾನು ತಾಟು ಸರಿಸಿ, "ಇದು ಗುಬ್ಬಿ ತಿನ್ನೋ ಕಾಳು, ಮನುಷ್ಯರು ತಿನ್ನೋದಲ್ಲ" ಎಂದಿದ್ದೆ. ಅವತ್ತಿನಿಂದ ಮೂವತ್ತೆರಡು ವರ್ಷ ನಮ್ಮ ಮನೆಯ ಹೊಸಿಲು ದಾಟಿ ನವಣೆ ಒಳಗೆ ಬಂದಿರಲಿಲ್ಲ. ಈಗ ಅದೇ ನವಣೆಯನ್ನು ಮಿರಮಿರ ಮಿನುಗುವ ಪ್ಯಾಕೆಟ್ಟಿನಲ್ಲಿ ನಾನೇ ಕೊಂಡು ತಂದೆ.

"ಗುಬ್ಬಿ ಕಾಳಲ್ಲೇನ್ರಿ ಇದು?" ಎಂದಳು.

"ಅಲ್ಲ ಕಣೇ, ಇದು ಸಿರಿಧಾನ್ಯ" ಎಂದೆ. ಅಷ್ಟಕ್ಕೇ ನಿಲ್ಲದೆ, ಪ್ಯಾಕೆಟ್ಟಿನ ಹಿಂದೆ ಬರೆದಿದ್ದನ್ನು ಓದಿ, ನವಣೆ ಬೇಯಿಸುವುದು ಹೇಗೆಂದು ಜಗಳೂರಿನ ಹೆಣ್ಣುಮಗಳಿಗೆ ಪಾಠ ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಆ ತಾಳ್ಮೆಗೆ ಒಂದು ಪ್ರಶಸ್ತಿ ಕೊಡಬೇಕಿತ್ತು.

ಎರಡೇ ತಿಂಗಳಲ್ಲಿ ನಾನು ಊರಿಗೇ ಗುರುವಾದೆ. ಬೆನ್ನ ಹಿಂದೆ ಕೀಟನಾಶಕದ ಡಬ್ಬಿಗಳ ಸಾಲು, ಎದುರಿಗೆ ರೈತರು, ಮಧ್ಯದಲ್ಲಿ ಕೂತು ಪ್ರಕೃತಿ ಆಹಾರದ ಪ್ರವಚನ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ನಾನು ಅದನ್ನೂ ಮೀರಿಸಿದ್ದೆ. ತಿನ್ನುವುದನ್ನು ಸರಿಯಾಗಿ ತಿಂದು, ಮಾರುವುದನ್ನು ಹಾಗೇ ಮಾರುತ್ತಿದ್ದೆ. ಬಸವಾಪಟ್ಟಣದ ಹಳೆಯ ಗಿರಾಕಿಯೊಬ್ಬ ಒಂದು ದಿನ ದನಿ ತಗ್ಗಿಸಿ ಕೇಳಿದ:

"ಸಾವ್ಕಾರ್ರೆ, ಎಣ್ಣೆ ಬಿಟ್ರಂತೆ?"

"ಹೂಂ, ಪೂರ್ತಿ ಬಿಟ್ಟೆ."

"ಅಯ್ಯೋ ಮಾರಾಯ್ರೆ, ಹಿಡಿದಿದ್ದೇ ನಮಗೆ ಗೊತ್ತಿಲ್ವಲ್ರಿ! ಅದಿರ್ಲಿ, ಗಿಡಕ್ಕೆ ಹೊಡಿಯೋ ಎಣ್ಣೆ ಆದ್ರೂ ಕೊಡ್ತೀರೋ ಇಲ್ಲೋ?"

ಮನೆಯಲ್ಲಿ ಮಾತ್ರ ಈ ಬಿಡುವ ವಿಷಯ ಅಷ್ಟು ಸುಲಭವಾಗಿರಲಿಲ್ಲ. ನಮ್ಮವ್ವನಿಗೆ ಎಂಬತ್ತು ದಾಟಿದೆ. ತಾಟಿನಲ್ಲಿ ಒಂದು ಅಗುಳು ಉಳಿಸಿದರೂ ಆಕೆಗೆ ಆಗದು. ಉಂಡದ್ದು ಪ್ರಸಾದ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿಯುವವಳು. ಆಸ್ಪತ್ರೆಯಿಂದ ಬಂದ ಮರುದಿನ ಊಟಕ್ಕೆ ಕೂತಾಗ ನಾನು ಗಂಭೀರವಾಗಿ ಹೇಳಿದೆ, "ಅವ್ವಾ, ನಾನು ತುಪ್ಪ ಬಿಟ್ಟೀನಿ."

ಅವ್ವ ಬಗ್ಗಿ ನನ್ನ ತಾಟು ನೋಡಿದಳು. "ಎಲ್ಲಿ ಬಿಟ್ಟೀಯೋ? ಒಂದು ಹನೀನೂ ಇಲ್ಲ" ಎನ್ನುತ್ತ ಮಿಳ್ಳೆ ಬಗ್ಗಿಸಿ ಅನ್ನ ತೋಯುವಷ್ಟು ತುಪ್ಪ ಬಿಟ್ಟಳು.

ಎಲ್ಲರೂ ನಕ್ಕೆವು. ಆದರೆ ಆ ಅನ್ನವನ್ನು ಏನು ಮಾಡುವುದು? ನಾನು ತಿನ್ನುವಂತಿಲ್ಲ, ಅವ್ವ ಚೆಲ್ಲಲು ಬಿಡುವುದಿಲ್ಲ. "ಇತ್ಲಾಗೆ ಕೊಡ್ರಿ" ಎಂದು ಹೆಂಡತಿ ತಾಟು ಎಳೆದುಕೊಂಡಳು. ಸಮಸ್ಯೆ ಬಗೆಹರಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರಬಾರದಲ್ಲ, ಹೊನ್ನಾಳಿಯ ಬೀಗರು ಸೇರುಗಟ್ಟಲೆ ಬೆಣ್ಣೆ ತಂದರು. ನ್ಯಾಮತಿಯ ನನ್ನ ತಂಗಿ ಶೇಂಗಾ ಹೋಳಿಗೆಯ ಡಬ್ಬಿ ಹೊತ್ತು ಬಂದು, "ಅಣ್ಣಾ, ಶೇಂಗಾನೂ ಗಿಡದ್ದೇ ಅಲ್ಲೇನೋ" ಎಂದಳು. ಮಿರ್ಚಿಯ ತತ್ವವನ್ನು ಊರೂರಿಗೆ ಹಬ್ಬಿಸಿದವನು ನಾನೇ, ಏನು ಹೇಳಲಿ? ಎಲ್ಲವನ್ನೂ ನನ್ನ ತಾಟಿಗೆ ಬಡಿಸುತ್ತಿದ್ದರು. ನಾನು ಕೈಯೆತ್ತಿ "ಬಿಟ್ಟೀನಿ" ಎನ್ನುತ್ತಿದ್ದೆ. ಬಂದವರು "ಆಹಾ, ಏನು ಮನೋಬಲ" ಎನ್ನುತ್ತಿದ್ದರು. ಎಲ್ಲರ ಊಟ ಮುಗಿದ ಮೇಲೆ ಇವಳು ಅಡುಗೆಮನೆಯಲ್ಲಿ ಕೂತು ನನ್ನ ಮನೋಬಲವನ್ನು ತಿಂದು ಮುಗಿಸುತ್ತಿದ್ದಳು.

ನೀನೂ ಒಂದು ತುತ್ತು ನವಣೆ ತಿನ್ನು ಎಂದು ನಾನು ಹೇಳಿದ ನೆನಪಿಲ್ಲ. ಒಮ್ಮೆ ಅವ್ವನೇ ಹೇಳಿದಾಗ, "ಬ್ಯಾಡ ಬಿಡ್ರಿ ಅತ್ತೆ, ಅವ್ರಿಗೆ ನಾಳೆಗಾಗ್ತೈತೆ" ಎಂದು ಮುಚ್ಚಿಟ್ಟಳು.

ಹೀಗೇ ಐದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಹುರುಳಿಕಾಳು ಒಣಹಾಕಲು ತಾರಸಿಗೆ ಹೋದವಳು ಇಳಿಯುವಾಗ ಅರ್ಧ ಮೆಟ್ಟಿಲಲ್ಲೇ ಕೂತುಬಿಟ್ಟಳು. ಆ ಹುರುಳಿಯೂ ನನಗಾಗಿಯೇ.

"ಯಾಕೋ ಎದೆ ಹಿಡ್ಕೊಂಡಂಗೆ ಆಗ್ತೈತ್ರೀ. ಉಸಿರು ಸಾಲ್ತಿಲ್ಲ."

ಎದೆಯೊಳಗೆ ಸ್ಟೆಂಟ್ ಇಟ್ಟುಕೊಂಡ ನಾನು, ಊರಿಗೆಲ್ಲ ಹೃದಯದ ಪಾಠ ಹೇಳುವ ನಾನು, ಪೇಪರಿನಿಂದ ತಲೆ ಎತ್ತದೆ ಹೇಳಿದೆ: "ಗ್ಯಾಸ್ ಇರ್ಬೇಕು. ಓಂಕಾಳು ಅಗಿ."

ಇದನ್ನು ಬರೆಯುವಾಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಅವಳು ಹೋಗಿ ಓಂಕಾಳು ಅಗಿದಳು. ನಾನು ಕುಸಿದ ದಿನ ಯಾರ ಮಾತನ್ನೂ ಕೇಳದಿದ್ದವಳು, ತನ್ನ ಸರದಿ ಬಂದಾಗ ನನ್ನ ಮಾತು ಕೇಳಿದಳು.

ಮುಂದಿನ ವಾರ ನನ್ನ ತಪಾಸಣೆ. ಡಾಕ್ಟರಮ್ಮ ವರದಿ ನೋಡಿ, "ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಸಿ" ಎಂದರು. ನಾನು ಕುರ್ಚಿಯಲ್ಲಿ ಹಿಗ್ಗಿ, ಎಣ್ಣೆ ಬಿಟ್ಟದ್ದು, ಬೆಣ್ಣೆ ಬಿಟ್ಟದ್ದು, ತುಪ್ಪ ಬಿಟ್ಟದ್ದು, ಎಲ್ಲ ವರ್ಣಿಸತೊಡಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಫೈಲು ಹಿಡಿದು ಹಿಂದೆ ನಿಂತಿದ್ದವಳನ್ನು ನೋಡುತ್ತಿದ್ದರು. ಒಂದು ಮಹಡಿ ಹತ್ತಿ ಬಂದಿದ್ದಕ್ಕೆ ಅವಳ ಹಣೆ, ಕುತ್ತಿಗೆ ಎಲ್ಲ ಬೆವರಿನಿಂದ ತೊಯ್ದಿತ್ತು.

"ಅಮ್ಮಾ, ಕೂತ್ಕೊಳ್ಳಿ. ಯಾವಾಗಿಂದ ಹೀಗೆ?"

"ಗ್ಯಾಸ್ ಅಂತ್ರೀ. ನಮ್ಮನೆಯವ್ರು ಹೇಳಿದ್ರು."

ಅದಾದ ಮೇಲೆ ನನ್ನ ಫೈಲನ್ನು ಯಾರೂ ಮುಟ್ಟಲಿಲ್ಲ. ಇಸಿಜಿ ತೆಗೆದರು, ರಕ್ತ ತೆಗೆದರು, ಅಲ್ಲೇ ಮಂಚದ ಮೇಲೆ ಮಲಗಿಸಿದರು. ಆಂಜಿಯೋಗ್ರಾಂ ಮಾಡಿ, ರಕ್ತನಾಳ ಎರಡು ಕಡೆ ಕಟ್ಟಿಕೊಂಡಿದೆ, ಮನೆಗೆ ಕಳಿಸುವುದಿಲ್ಲ ಎಂದರು. ಡಾಕ್ಟರಮ್ಮ ಅವಳ ಕೈ ಹಿಡಿದು ಕೇಳಿದರು, "ಇವರಿಗೆ ಇಷ್ಟು ಚೆನ್ನಾಗಿ ಮಾಡಿ ಹಾಕಿದ್ದೀರಿ. ನೀವೇನಮ್ಮ ಊಟ ಮಾಡ್ತಿದ್ರಿ?"

ಅವಳು ನನ್ನ ಕಡೆ ನೋಡಿದಳು. ನನ್ನ ಮಾನ ಹೋಗದಂಥ ಉತ್ತರ ಹುಡುಕುತ್ತಿದ್ದಳು ಎಂದು ಕಾಣುತ್ತದೆ.

"ಇವ್ರು ಬಿಟ್ಟಿದ್ದು" ಎಂದಳು.

ಶಿವನ ದಯೆ, ಬದುಕಿ ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ನಾನು ಒಲೆಯ ಮುಂದೆ ನಿಂತೆ. ಪ್ಯಾಕೆಟ್ಟಿನ ಹಿಂದೆ ಬರೆದಂತೆಯೇ ನವಣೆ ಬೇಯಿಸಿದೆ. ಹುರುಳಿಕಾಳಿನ ಸಾರು, ಮೆಂತ್ಯ ಸೊಪ್ಪಿನ ಪಲ್ಯ ಮಾಡಿದೆ. ನವಣೆ ಕೆಳಗೆ ಸೀದು ಮೇಲೆ ಗಂಟಾಗಿತ್ತು. ಮೂರು ತಾಟು ಒಟ್ಟಿಗೇ ಹಾಕಿದೆ. ಅವ್ವ ಅಭ್ಯಾಸಬಲದಿಂದ ತುಪ್ಪದ ಮಿಳ್ಳೆಗೆ ಕೈ ಹಾಕಿ, ಸೊಸೆಯ ಮುಖ ನೋಡಿ, ಹಾಗೇ ಕೆಳಗಿಟ್ಟಳು.

ಹೆಂಡತಿ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದಳು.

"ಹೆಂಗೈತೆ?" ಎಂದೆ.

"ಗುಬ್ಬಿನೂ ತಿನ್ನಾಕಿಲ್ಲ ಬಿಡ್ರಿ" ಎಂದು ನಕ್ಕಳು. ಆ ನಗು ಕೇಳಿ ನನಗೆ ಅಳು ಬಂತು, ಸೊಪ್ಪಿನ ಪಾತ್ರೆಗೆ ಮುಖ ಬಗ್ಗಿಸಿದೆ.

ಅರ್ಧ ಉಂಡವಳಿಗೆ ಮುಂದೆ ಆಗಲಿಲ್ಲ. ಆದರೂ ತಾಟಿನಲ್ಲಿ ಬಿಡಬಾರದೆಂದು ಅವ್ವನ ಕಡೆ ನೋಡುತ್ತ ಮತ್ತೆ ಕೈ ಹಾಕಿದಳು. ನಾನು ಅವಳ ತಾಟನ್ನು ನನ್ನ ಕಡೆ ಎಳೆದುಕೊಂಡೆ. ಮೂವತ್ತೆರಡು ವರ್ಷಗಳಲ್ಲಿ ಅವಳು ಬಿಟ್ಟಿದ್ದನ್ನು ನಾನು ತಿಂದದ್ದು ಅದೇ ಮೊದಲು. ಅವ್ವ ನೀರಿನ ಚೊಂಬನ್ನು ನನ್ನ ಕಡೆ ಸರಿಸಿದಳು. ನಾನು ಹೆಂಡತಿಯ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಕುಡಿದೆ.