ಹತ್ತೊಂಬತ್ತು ಎರರ್‌ಗಳು

ನನ್ನ ಡೈರಿಯ ಪ್ರತಿ ಪುಟದ ಬಲತುದಿಯಲ್ಲಿ ಎರಡು ಸಂಖ್ಯೆಗಳಿವೆ: ಒಂದು ತಾರೀಖು, ಇನ್ನೊಂದು ಜರ್ಮನಿಯಲ್ಲಿ ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್, ಸಿಕ್ಕಿ ಎಷ್ಟನೇ ತಿಂಗಳು ಎಂಬುದು. ಇಪ್ಪತ್ತೊಂದು ತಿಂಗಳಾಗಿ ಜರ್ಮನ್ ಪರೀಕ್ಷೆಯೂ ಪಾಸಾದರೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದಾಗಿತ್ತು. ನಮ್ಮ ಕಡೆಯವರೆಲ್ಲ ಹಾಗೇ ತಿಂಗಳು ಎಣಿಸುತ್ತಿದ್ದರು. ಬೇಸ್‌ಬಾಲ್ ಎಂಬ ಪದ ಡೈರಿಯಲ್ಲಿ ಮೊದಲು ಕಾಣಿಸುವುದು ಹತ್ತನೇ ತಿಂಗಳಲ್ಲಿ.

ಶ್ವೀಬರ್ಡಿಂಗೆನ್‌ನಲ್ಲಿ ಕಾರುಗಳ ಎಲೆಕ್ಟ್ರಾನಿಕ್ಸ್ ಪರೀಕ್ಷಿಸುವುದು ನನ್ನ ಕೆಲಸ. ಶನಿವಾರ ಕ್ರಿಕೆಟ್. ಆಡುವುದರಲ್ಲಿ ನಾನು ಲೆಕ್ಕಕ್ಕಿಲ್ಲ. ಮೈಸೂರಿನ ಕಾಲೇಜು ದಿನಗಳಿಂದಲೂ ನನ್ನ ಜಾಗ ಸ್ಕೋರರ್‌ನ ಮೇಜು. ನಾವು ಆಡುತ್ತಿದ್ದ ಮೈದಾನದ ಬೇಲಿಯಾಚೆ ಒಂದು ಬೇಸ್‌ಬಾಲ್ ಕ್ಲಬ್ ಇತ್ತು. ಅದರ ಕೋಚ್ ಒಂದು ಶನಿವಾರ ಬೇಲಿಗೆ ಮೊಣಕೈಯೂರಿ ನನ್ನ ಪುಸ್ತಕವನ್ನು ಇಣುಕಿದರು. ಚೆಂಡು ಎಲ್ಲಿಗೆ ಹೋಯಿತು, ಫೀಲ್ಡರ್ ಎಲ್ಲಿಂದ ಓಡಿದ ಎಂದು ಪ್ರತಿ ಹೊಡೆತಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ನನ್ನ ಅಭ್ಯಾಸ.

“ನಮ್ಮ ಸ್ಕೋರರ್ ಊರು ಬಿಟ್ಟು ಹೋದಳು. ಭಾನುವಾರ ಬಾ, ಹೆರ್ ಇಂಜಿನಿಯರ್” ಎಂದರು.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಉಡುಪಿಯ ಗೆಳೆಯನಿಗೆ ಇದು ಹಿಡಿಸಲಿಲ್ಲ. “ಎಂತ ಮಾರಾಯ, ಶನಿವಾರ ಒಂದು ಪುಸ್ತಕ, ಭಾನುವಾರ ಇನ್ನೊಂದಾ? ಈ ವಾರದ ಕೇರ್‌ವೋಖೆ ನಿಂದು, ನೆನಪುಂಟಲ್ಲ? ಮೆಟ್ಟಿಲು ಗುಡಿಸುದು ಯಾರು, ನಿನ್ನ ಕೋಚಾ?”

ಮೆಟ್ಟಿಲು ಗುಡಿಸಿಯೇ ಹೋದೆ. ಸ್ಕೋರರ್‌ಗಳ ಒಂದು ದಿನದ ತರಬೇತಿ, ಕೊನೆಗೊಂದು ಪರೀಕ್ಷೆ, ಪಾಸಾದೆ.

ಕೋಚ್ ಕೆರಿಬಿಯನ್ ದ್ವೀಪವೊಂದರವರು. ಅಮೆರಿಕದ ಕೆಳಹಂತದ ವೃತ್ತಿಪರ ಲೀಗುಗಳಲ್ಲಿ ಹನ್ನೊಂದು ವರ್ಷ ಇನ್‌ಫೀಲ್ಡರ್ ಆಗಿ ಆಡಿದ್ದರು. ಇನ್‌ಫೀಲ್ಡರ್ ಎಂದರೆ ನೆಲಕ್ಕಂಟಿಕೊಂಡು ಬರುವ ಚೆಂಡನ್ನು ತಡೆದು, ಹೊಡೆದವನು ಮೊದಲ ಬೇಸ್ ಮುಟ್ಟುವ ಮುನ್ನ ಅಲ್ಲಿಗೆ ಎಸೆಯುವವನು. ಅವನು ತಪ್ಪು ಮಾಡಿ ಚೆಂಡು ಬಿಟ್ಟರೆ ಸ್ಕೋರರ್ ಅವನ ಹೆಸರಿಗೆ ಒಂದು ‘ಎರರ್’ ಬರೆಯುತ್ತಾನೆ. ಅವರ ಬಲಗೈಯ ಎರಡು ಬೆರಳುಗಳು ಈಗ ನೇರವಾಗುತ್ತಿರಲಿಲ್ಲ. ಜರ್ಮನ್ ಹೆಂಡತಿಯ ಊರಿಗೆ ಬಂದು ನೆಲೆಸಿ, ಒಂಬತ್ತು ವರ್ಷದಿಂದ ಈ ತಂಡ ನಡೆಸುತ್ತಿದ್ದರು. ಕ್ಲಬ್ಬಿನಲ್ಲಿ ಎಲ್ಲರೂ ಅವರಿಗೆ ‘ನೀನು’ ಎನ್ನುತ್ತಿದ್ದರು. ನನಗೆ ನಾಲಿಗೆ ಹೊರಳಲಿಲ್ಲ. ಜರ್ಮನ್‌ನಲ್ಲೂ ಕೊನೆಯವರೆಗೆ ‘ನೀವು’ ಎಂದೇ ಕರೆದೆ.

ಆ ವರ್ಷ ಅಮೆರಿಕದ ಒಂದು ದೊಡ್ಡ ತಂಡ ಅವರನ್ನು ಪರೀಕ್ಷಾರ್ಥವಾಗಿ ತನ್ನ ಸ್ಕೌಟ್ ಆಗಿ, ಎಂದರೆ ಹೊಸ ಆಟಗಾರರನ್ನು ಹುಡುಕಿಕೊಡುವವರಾಗಿ, ನೇಮಿಸಿಕೊಂಡಿತ್ತು. ಇಲ್ಲಿನ ಆಟಗಾರರಲ್ಲಿ ಒಬ್ಬನನ್ನು ಅವರು ಆರಿಸಿ ಸೂಚಿಸಬೇಕು; ಅದನ್ನು ನೋಡಿ ಕೆಲಸ ಕಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನ. ಐವತ್ತೆರಡು ದಾಟಿದ್ದರು. ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ. ಅವರು ಸೂಚಿಸಿದ್ದು ನಮ್ಮದೇ ತಂಡದ ಇನ್‌ಫೀಲ್ಡರನ್ನು. ಬಡಗಿ ಕೆಲಸ ಕಲಿತ, ಇಪ್ಪತ್ತು ವರ್ಷದ, ಹೆಚ್ಚು ಮಾತಾಡದ ಹುಡುಗ.

ಹದಿಮೂರನೇ ತಿಂಗಳು, ಜುಲೈ, ಗುರುವಾರ. ಕೋಚ್ ಫೋನಿನಲ್ಲಿ ಬಂದ ಉತ್ತರವನ್ನು ನನಗೆ ತೋರಿಸಿದರು. ಎರಡೇ ಸಾಲು. ಈ ಆಟಗಾರನ ಹೆಸರಿನಲ್ಲಿ ಅರ್ಧ ಋತುವಿಗೇ ಇಪ್ಪತ್ತೆರಡು ಎರರ್‌ಗಳಿವೆ; ಇವನನ್ನು ನೋಡಲು ಯಾರನ್ನೂ ಕಳಿಸಲಾಗುವುದಿಲ್ಲ.

“ಇಪ್ಪತ್ತೆರಡು ಇದೆಯಾ?” ಎಂದು ಕೇಳಿದರು. ಅವರು ಎಂದೂ ಸ್ಕೋರ್ ಹಾಳೆ ನೋಡುವವರಲ್ಲ. ಕಣ್ಣಾರೆ ಕಂಡಿದ್ದು ಸಾಕು ಎನ್ನುವವರು.

“ಇದೆ” ಎಂದೆ, ತಪ್ಪಿಲ್ಲದ ಲೆಕ್ಕದ ಹೆಮ್ಮೆಯಲ್ಲಿ. “ಹತ್ತೊಂಬತ್ತು ನಮ್ಮ ಮೈದಾನದಲ್ಲಿ, ನಾನೇ ಬರೆದದ್ದು. ಹೊರಗಿನ ಮೈದಾನಗಳಲ್ಲಿ ಮೂರು, ಅಲ್ಲಿಯ ಸ್ಕೋರರ್‌ಗಳು ಬರೆದದ್ದು.”

ಹೇಳಿದ ಮೇಲೆ ನನಗೇ ಆ ಎರಡು ಸಂಖ್ಯೆಗಳು ಪಕ್ಕಪಕ್ಕ ಕಂಡವು. ಪಂದ್ಯಗಳು ಎರಡೂ ಕಡೆ ಸಮಸಮ. ತನ್ನ ಮೈದಾನದಲ್ಲಿ ಯಾರು ಆರುಪಟ್ಟು ಕೆಟ್ಟದಾಗಿ ಆಡುತ್ತಾರೆ?

ಕೋಚ್ ಬೈಯಲಿಲ್ಲ. ಒಂದು ಗ್ಲವ್ ನನ್ನ ಕೈಗೆ ತುರುಕಿ ಬಡಗಿ ನಿಲ್ಲುವ ಜಾಗದಲ್ಲಿ ನಿಲ್ಲಿಸಿದರು. ದೂರದಿಂದ ನನ್ನ ಎಡಕ್ಕೆ ಒಂದು ಚೆಂಡು ಹೊಡೆದರು. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಅದು ಹುಲ್ಲು ಸೇರಿತ್ತು.

“ಏನು ಬರೀತೀಯ?”

“ಹಿಟ್. ಹೊಡೆದವನಿಗೆ ಸಲ್ಲಬೇಕು. ನನ್ನ ಕೈಗೆ ಸಿಗುವಂಥದ್ದಲ್ಲ.”

ಬಡಗಿಯನ್ನು ಕರೆದು ಬ್ಯಾಟ್ ಅವನಿಗೆ ಕೊಟ್ಟು, ತಾವು ಬಂದು ನನ್ನ ಜಾಗದಲ್ಲಿ ನಿಂತರು. ಅದೇ ಕಡೆಗೆ, ಅದೇ ವೇಗದ ಚೆಂಡು. ಅದು ಬ್ಯಾಟ್ ಬಿಡುವ ಮೊದಲೇ ಈ ಮನುಷ್ಯ ಹೊರಟಿದ್ದರು. ಮೂರು ಹೆಜ್ಜೆ ಓಡಿ ಇಡೀ ಮೈ ನೆಲಕ್ಕೆ ಚಾಚಿದರು. ಚೆಂಡು ಗ್ಲವ್‌ನ ತುದಿಗೆ ತಾಗಿ ಆಚೆ ಉರುಳಿತು. ಮಂಡಿಯ ಕೆಂಪು ಮಣ್ಣು ಕೊಡವುತ್ತ ಎದ್ದರು.

“ಈಗ?”

ನನ್ನ ಬಾಯಿಗೆ ಬಂದದ್ದು “ಎರರ್.”

“ಯಾಕೆ?”

“ಕೈಗೆ ತಾಗಿತು, ಬಿಟ್ಟಿರಿ.”

“ಅಲ್ಲೇ ನಿಂತಿದ್ದವನದು ತಪ್ಪಲ್ಲ. ಅಲ್ಲಿವರೆಗೆ ಓಡಿದವನದು ತಪ್ಪು. ಅಲ್ವಾ, ಹೆರ್ ಇಂಜಿನಿಯರ್?”

ನಿಯಮ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ: ಸಾಧಾರಣ ಪ್ರಯತ್ನಕ್ಕೆ ಸಿಗಬೇಕಾದ ಚೆಂಡನ್ನು ಬಿಟ್ಟರೆ ಮಾತ್ರ ಎರರ್. ಆದರೆ ಮೈದಾನದಲ್ಲಿ ನನ್ನ ಕಣ್ಣು ಕ್ರಿಕೆಟ್ಟಿನದು. ಕೈಗೆ ತಾಗಿ ಬಿದ್ದರೆ ಡ್ರಾಪ್ ಎಂದು ಎಂಟನೇ ವಯಸ್ಸಿನಿಂದ ಕೂಗಿಕೊಂಡು ಬಂದವನು ನಾನು.

ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ನನ್ನ ನೋಟುಬುಕ್ಕು ಹರಡಿದೆ. ಕ್ಲಬ್ಬಿಗೆ ಬೇಡದಿದ್ದರೂ ಇಲ್ಲಿಯೂ ಪ್ರತಿ ಚೆಂಡಿನ ಗೆರೆ ಎಳೆದಿದ್ದೆ. ಬಡಗಿ ಎಲ್ಲಿ ನಿಂತಿದ್ದ, ಚೆಂಡು ಅವನಿಗೆ ಎಲ್ಲಿ ಸಿಕ್ಕಿತು ಎಲ್ಲ ಇತ್ತು. ಸ್ಕೇಲಿಟ್ಟು ಅಳೆದೆ. ಹತ್ತೊಂಬತ್ತರಲ್ಲಿ ಹನ್ನೆರಡು ಬೇರೆ ಯಾರೂ ಮುಟ್ಟಲಾಗದವು. ಏಳು ನಿಜವಾದ ಎರರ್. ಹುಡುಕುವಾಗ ಇನ್ನೊಂದು ಸಿಕ್ಕಿತು: ಮೇ ತಿಂಗಳಲ್ಲಿ ಸುಲಭದ ಚೆಂಡೊಂದನ್ನು ಅವನು ಬಿಟ್ಟಿದ್ದ, ನಾನು ಹಿಟ್ ಎಂದು ಬರೆದಿದ್ದೆ. ಒಟ್ಟು ಎಂಟು.

ಗೆಳೆಯ ಚಹಾ ಹಿಡಿದು ಬಗ್ಗಿ ನೋಡಿದ. “ಮಾರಾಯ, ಆ ಒಂದನ್ನು ಯಾಕೆ ಎಳಿತಿ? ಏಳು ಹೇಳು, ಯಾರಿಗೆ ಗೊತ್ತಾಗ್ತದೆ?”

“ನನಗೆ ಗೊತ್ತಾಗ್ತದಲ್ಲೋ.”

“ಓಹೋ, ಬಂದ್ರು ಥರ್ಡ್ ಅಂಪೈರು” ಎಂದ. ಆದರೆ ಸ್ಕ್ಯಾನ್ ಮಾಡಿಕೊಟ್ಟವನು ಅವನೇ, ಇಪ್ಪತ್ತು ಚಿತ್ರಗಳನ್ನೂ.

ಲೀಗಿನವರು ಹಳೆಯ ಹಾಳೆಗಳನ್ನು ತಿದ್ದಲು ಒಪ್ಪಲಿಲ್ಲ, ಅವಧಿ ಮುಗಿದಿತ್ತು. ಹಾಗಾಗಿ ಅಮೆರಿಕದ ಕಚೇರಿಗೇ ನಾನು ಪತ್ರ ಬರೆದೆ: ನಾನು ಈ ಪಂದ್ಯಗಳ ಸ್ಕೋರರ್, ಕ್ರಿಕೆಟ್ಟಿನಿಂದ ಬಂದವನು, ಈ ತಾರೀಖುಗಳಂದು ಈ ಹನ್ನೆರಡು ಚೆಂಡುಗಳಲ್ಲಿ ತಪ್ಪಿದ್ದು ಆಟಗಾರನಲ್ಲ, ನಾನು. ಮೇ ತಿಂಗಳ ಚೆಂಡನ್ನೂ ಸೇರಿಸಿದೆ. ಕೋಚ್ ಪತ್ರವನ್ನು ಎರಡು ಸಲ ಓದಿದರು. “ನಾನು ಆಡುತ್ತಿದ್ದಾಗ ನಿನ್ನಂಥವನೊಬ್ಬ ಇರಬೇಕಿತ್ತು” ಎಂದರು. ಆ ಮಾತು ಡೈರಿಯಲ್ಲಿ ಅದೇ ದಿನ ಬರೆದದ್ದು. ಕೆಳಗೆ ಗೆರೆ ಎಳೆದಿದ್ದೇನೆ.

ಹದಿನಾರು ದಿನದ ನಂತರ ಉತ್ತರ ಬಂತು. ಒಬ್ಬರನ್ನು ಕಳಿಸುತ್ತೇವೆ.

ಬಂದವರು ಬಿಳಿ ಟೋಪಿಯ, ನಗದ ಮನುಷ್ಯ. ಸೆಪ್ಟೆಂಬರಿನ ಮೊದಲ ಭಾನುವಾರ, ಮಧ್ಯಾಹ್ನ ಎರಡು ಗಂಟೆ. ನನ್ನ ಮೇಜಿನ ಹಿಂದೆಯೇ ಕುಳಿತರು. ಎರಡನೇ ಸುತ್ತಿನಲ್ಲಿ ಬಡಗಿಯ ಕಡೆಗೆ ಮೆತ್ತಗೆ ಒಂದು ಚೆಂಡು ಬಂತು, ನೇರ ಎದೆಗೆ. ಬಿಟ್ಟ. ನನ್ನ ಪೆನ್ಸಿಲ್ ಒಂದು ಕ್ಷಣ ನಿಂತಿತು. ಬೆನ್ನ ಹಿಂದೆ ಉಸಿರು ಕೇಳುತ್ತಿತ್ತು. ಎರರ್ ಎಂದೇ ಬರೆದೆ.

ಆರನೇ ಸುತ್ತಿನಲ್ಲಿ ಎರಡನೇ ಬೇಸ್‌ನ ಆಚೆಗೆ, ಯಾರದೂ ಅಲ್ಲದ ಜಾಗಕ್ಕೆ ಚೆಂಡು ಸಿಡಿಯಿತು. ಬಡಗಿ ಅಲ್ಲಿದ್ದ. ಬಿದ್ದಲ್ಲಿಂದಲೇ, ಮಂಡಿಯೂರಿಕೊಂಡೇ ಎಸೆದ. ಔಟ್. ಬಿಳಿ ಟೋಪಿಯವರು ಮುಂದಕ್ಕೆ ಬಾಗಿ, “ಇದಕ್ಕೆ ಗೆರೆ ಎಲ್ಲಿಂದ ಎಳೀತೀಯ, ತೋರಿಸು” ಎಂದರು. ತೋರಿಸಿದೆ. ಅವರು ತಮ್ಮ ಪುಸ್ತಕದಲ್ಲೂ ಹಾಗೇ ಎಳೆದುಕೊಂಡರು.

ಪಂದ್ಯ ಮುಗಿದ ಮೇಲೆ ಅವರೂ ಕೋಚೂ ಬೇಲಿಯ ಬಳಿ ಹನ್ನೊಂದು ನಿಮಿಷ ಮಾತಾಡಿದರು. ನಾವ್ಯಾರೂ ಸಾಮಾನು ಕಟ್ಟಲಿಲ್ಲ. ಕೋಚ್ ನಮ್ಮತ್ತ ಬಂದು, ಟೋಪಿ ತೆಗೆದು, ಮುಂದಿನ ವರ್ಷದಿಂದ ಈ ತಂಡಕ್ಕೆ ಬೇರೆ ಕೋಚ್ ಬೇಕು ಎಂದರು. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೂಗು ಎದ್ದಿತು. ಯಾರೋ ಐಸ್ ನೀರಿನ ಬಕೆಟ್ ಅವರ ತಲೆಯ ಮೇಲೆ ಸುರಿದರು. ಬಡಗಿ ಇನ್ನೂ ಗ್ಲವ್ ತೆಗೆದಿರಲಿಲ್ಲ.

ಒದ್ದೆ ಅಂಗಿಯಲ್ಲೇ ಕೋಚ್ ನನ್ನ ಮೇಜಿಗೆ ಬಂದು ಹೆಂಡತಿಗೆ ಫೋನು ಮಾಡಿದರು. ಮೊದಲು ಹೇಳಿದ್ದು ಬಡಗಿಯ ಸುದ್ದಿ: ವಸಂತದ ಶಿಬಿರಕ್ಕೆ ಅವನನ್ನು ಕರೆದಿದ್ದಾರೆ, ಆರು ವಾರ, ಖರ್ಚೆಲ್ಲ ಅವರದೇ. ತಮ್ಮ ಕೆಲಸ ಕಾಯಂ ಆದದ್ದನ್ನು ಆಕೆಯೇ ಕೇಳಿ ತಿಳಿದುಕೊಳ್ಳಬೇಕಾಯಿತು.