ಬೆನ್ನ ಮೇಲಿನ ನೀಲಿ

ಮೊನ್ನೆ ಕುಬಿಹಾಳದ ದಾರಿಯಲ್ಲಿ ಬಸ್ಸು ನಿಂತಿತು. ಎದುರಿಗೆ ಕುರಿಹಿಂಡು. ಮಳೆಯಲ್ಲಿ ನೆನೆದ ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರೆ ನಾನು ಕತ್ತು ಹೊರಗೆ ಚಾಚಿದೆ. ನೀವು ನಗಬಹುದು, ನನ್ನ ಪಾಲಿಗೆ ಅದು ಕಲ್ಲವ್ವತ್ತಿಯ ಸೀರೆಯ ವಾಸನೆ.

ಕಲ್ಲವ್ವತ್ತಿ ನನ್ನ ಅಪ್ಪನ ತಂಗಿ. ಕುರಿಯೇ ಅವಳ ಬದುಕು. ಮಳೆಗಾಲದ ಹಸಿ ಹುಲ್ಲಿನ ಜೊತೆ ಕುರಿಗಳ ಹೊಟ್ಟೆಗೆ ಹುಳ ಸೇರುತ್ತವೆ, ಒಳಗೇ ರಕ್ತ ಹೀರುತ್ತವೆ, ಗದ್ದ ಬಾತು ಕುರಿ ಒರಗುತ್ತದೆ. ಅತ್ತಿ ಪ್ರತಿ ವರ್ಷ ಇಡೀ ಹಿಂಡಿಗೆ ಔಷಧ ಕುಡಿಸುತ್ತಿದ್ದಳು. ಮರಿ ಮಾರಿ ಬಂದದ್ದು ಔಷಧದ ಅಂಗಡಿಗೇ ಹೋಗುತ್ತಿತ್ತು. ಒಂದು ವರ್ಷ ಕುಡಿಸಿದರೂ ಕುರಿ ಸತ್ತವು.

"ಹುಳಾನೂ ಔಷಧ ಅರಗಿಸ್ಕೊಳ್ಳಾಕ ಕಲ್ತಾವು" ಎಂದಳು. ಅಂಥದೇ ಇನ್ನೊಂದು ಮಳೆಗಾಲ ಬಂದಿದ್ದರೆ ಹಿಂಡೇ ಉಳಿಯುತ್ತಿರಲಿಲ್ಲ.

ದನದ ಡಾಕ್ಟರು ಒಂದು ದಾರಿ ಹೇಳಿದರು. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಬೇಕು. ಒಳಗೆ ರಕ್ತವಿಲ್ಲದೆ ಬಿಳಿಚಿದ್ದರೆ ಮಾತ್ರ ಔಷಧ. ಹಾಗೆ ಔಷಧ ಬೇಡಿದ ಕುರಿಯನ್ನು ತಳಿಗೆ ಇಟ್ಟುಕೊಳ್ಳದೆ ಮಾರಬೇಕು. ಅತ್ತಿ ಔಷಧ ಕುಡಿಸಿದ್ದಕ್ಕೆಲ್ಲ ಗುರುತಿಗೆ, ಗೋಡೆಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣ ಬಳಿದಳು. ನಾನೊಬ್ಬ ಬೆಪ್ಪ, ಅವು ಅವಳ ಮುದ್ದಿನವು ಅಂದುಕೊಂಡು ಚಂದದ ಮರಿಗಳಿಗೆಲ್ಲ ಬಳಿಯಲು ಹೊರಟು ಬೈಸಿಕೊಂಡೆ.

ಹಿಂಡಿನ ಟಗರು ಸರ್ದಾರ. ತಾಯಿ ಸತ್ತ ಮರಿಯನ್ನು ಅತ್ತಿಯೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಸುರುಳಿ ಕೊಂಬು, ಅಗಲ ಎದೆ. ಅವಳು ಕೂಗಿದರೆ ಎರಡು ಹೊಲ ದಾಟಿ ಓಡಿ ಬರುತ್ತಿದ್ದ. ಶ್ರಾವಣದಲ್ಲಿ ಅವನ ರೆಪ್ಪೆ ಬಿಡಿಸಿದಳು. ಬಿಳಿಚಿತ್ತು. ಬಹಳ ಹೊತ್ತು ಅವನ ತಲೆ ಹಿಡಿದುಕೊಂಡೇ ಕೂತಳು. ಆಮೇಲೆ ಔಷಧ ಕುಡಿಸಿ, ಬೆನ್ನಿಗೆ ನೀಲಿ ಬಳಿದಳು.

ಮಾವ, ಅಂದರೆ ಅವಳ ಗಂಡ, ರೇಗಿದ. "ತಲಿ ಕೆಟ್ಟೈತೇನ ನಿನಗ? ಇಂಥಾ ಟಗರು ಸುತ್ತ ಹಳ್ಯಾಗ ಇಲ್ಲ. ಇದನ್ನ ಮಾರಿ ಆ ನರಪೇತಲ ಟಗರನ್ನ ತಳಿಗೆ ಬಿಡ್ತೀ?"

"ನರಪೇತಲ ಆದ್ರೂ ಅದರ ಕಣ್ಣಾಗ ಕೆಂಪ ಐತ್ರಿ. ಸರ್ದಾರನ ಮರಿ ಅವನಂಗ ಔಷಧ ಬೇಡ್ತಾವ. ನಾ ಎಲ್ಲಿಂದ ತಂದು ಕುಡಿಸ್ಲಿ?"

ಸರ್ದಾರ ಸಂತೆಗೆ ಹೋದ ದಿನ ಅತ್ತಿ ಉಣ್ಣಲಿಲ್ಲ. ಮುಂದೆ ಹುಟ್ಟಿದ ಮರಿಗಳು ಸಣ್ಣವು, ಬೆಲೆಯೂ ಕಡಿಮೆ. ಮಾವ ಪ್ರತಿ ಸಂತೆಗೂ ಸರ್ದಾರನ ಹೆಸರು ತೆಗೆಯುತ್ತಿದ್ದ. ಅವಳು ವರ್ಷವರ್ಷವೂ ರೆಪ್ಪೆ ಬಿಡಿಸುತ್ತಲೇ ಹೋದಳು.

ಮೊನ್ನೆ ಆ ಹಿಂಡಿನ ಹಿಂದೆ ಕೋಲು ಹಿಡಿದು ಬರುತ್ತಿದ್ದವಳು ಅವಳೇ. ನಾನು ಬಸ್ಸಿಳಿದೆ. ಮಳೆಗಾಲ ಇನ್ನೂ ಮುಗಿದಿಲ್ಲ, ಆದರೂ ಹುಡುಕಿ ನೋಡಿದರೆ ಒಂದೆರಡು ಬೆನ್ನಲ್ಲಿ ಮಾತ್ರ ನೀಲಿ. ಇಡೀ ಹಿಂಡು ಆ ನರಪೇತಲನ ಮಕ್ಕಳು, ಮೊಮ್ಮಕ್ಕಳು. ಬರಿಗೈಯಲ್ಲಿ ರೆಪ್ಪೆ ಬಿಡಿಸಿ ಬಿಡಿಸಿ ಇವಳು ಒಂದು ಹಿಂಡನ್ನೇ ಬೇರೆ ಮಾಡಿಬಿಟ್ಟಿದ್ದಳು.

"ಅತ್ತಿ, ನೀಲಿ ತೀರೇತೇನ?"

"ಡಬ್ಬ್ಯಾಗ ಒಣಗೇತಿ" ಎಂದು ನಕ್ಕಳು.

ಮುಂದೆ ಗತ್ತಿನಲ್ಲಿ ನಡೆಯುತ್ತಿದ್ದ ಟಗರನ್ನು ತೋರಿಸಿ, "ಇವನ ಹೆಸರೇನು?" ಎಂದೆ.

ಅವಳು ಆ ಟಗರಿನ ಕಡೆ ನೋಡಲಿಲ್ಲ. "ಹೆಸರ ಇಡೂದ ಬಿಟ್ಟೇನಿ" ಎಂದಳು.